ಮೊಣಕಾಲು ಹೋದ ಬೇಸ್‌ಬಾಲ್ ಆಟಗಾರ ಮತ್ತೆ ಕುದುರುತ್ತಾನಾ? ನಾನು ಲೆಕ್ಕ ಹಾಕುವುದು ಹೀಗೆ

ಅಮೆರಿಕದ ಬೇಸ್‌ಬಾಲ್ ತಂಡ ಲಾಸ್ ಏಂಜಲೀಸ್ ಏಂಜಲ್ಸ್ ತನ್ನ ಊರಿನಲ್ಲಿ ರಾತ್ರಿ ಆಟ ಶುರು ಮಾಡುವಾಗ ನಮ್ಮ ಉಡುಪಿಯಲ್ಲಿ ಬೆಳಿಗ್ಗೆ ಏಳು ಗಂಟೆ. ಬನ್ಸ್ ಮುರಿಯುತ್ತಾ ಮೊಬೈಲಿನಲ್ಲಿ ಆ ತಂಡದ ಮೈಕ್ ಟ್ರೌಟ್‌ನನ್ನು ನೋಡುವುದು ನನ್ನ ಚಟ. 2014, 2016, 2019ರಲ್ಲಿ ಎಂವಿಪಿ, ಅಂದರೆ ಲೀಗಿನ ವರ್ಷದ ಅತಿ ಮೌಲ್ಯದ ಆಟಗಾರ, ಆದವ. ಆಮೇಲೆ ಬರೀ ಗಾಯ. "ಮಾವ, ಇವ ಇನ್ನು ಮೊದಲಿನ ಹಾಗೆ ಆಡ್ತಾನಾ?" ಅಂತ ತಂಗಿಯ ಮಗ ಕೇಳುತ್ತಾನೆ. ಅವನಿಗೆ ಹೇಳಿಕೊಟ್ಟ ಲೆಕ್ಕ ಇದು.

ಮೊದಲು ಹೋಮ್ ರನ್ (ಚೆಂಡು ಬೇಲಿಯಾಚೆ ಹೋಗುವ ಹೊಡೆತ, ಕ್ರಿಕೆಟ್ಟಿನ ಸಿಕ್ಸರ್ ಹಾಗೆ) ವಿಡಿಯೊಗಳನ್ನು ಬದಿಗಿಡಿ. ಅವು ಸುಳ್ಳು ಹೇಳುತ್ತವೆ. 2024ರಲ್ಲಿ ಟ್ರೌಟ್ ಬರೀ 29 ಆಟದಲ್ಲಿ 10 ಹೋಮ್ ರನ್ ಹೊಡೆದಿದ್ದ. ನೋಡಿದವರಿಗೆ ಜನ ಗಟ್ಟಿ ಇದ್ದಾನೆ ಅನಿಸಿತು. ಅಷ್ಟರಲ್ಲಿ ಎಡ ಮೊಣಕಾಲಿನ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿಯಿತು. ಆಪರೇಷನ್ ಮುಗಿಸಿ ವಾಪಸು ಬರುವ ತಯಾರಿಯಲ್ಲಿದ್ದಾಗ ಅದೇ ಮೊಣಕಾಲಿನಲ್ಲಿ ಮತ್ತೆ ಹರಿಯಿತು.

ಒಂದು ಹಾಳೆ ತೆಗೆದು ವರ್ಷ, ಆಡಿದ ಆಟ, ನೋವಿನ ಜಾಗ ಬರೆಯಿರಿ. ಸೀಸನ್‌ಗೆ 162 ಆಟ. 2021ರಲ್ಲಿ 36, ಮೀನಖಂಡ. 2022ರಲ್ಲಿ 119, ಬೆನ್ನು. 2023ರಲ್ಲಿ 82, ಎಡಗೈಯ ಹಮೇಟ್ ಮೂಳೆ. ಆಮೇಲೆ ಮೊಣಕಾಲು.

ಈಗ ಜಾಗದ ಕಾಲಂ ಮಾತ್ರ ಓದಿ. ಹಮೇಟ್ ಅಂದರೆ ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗಿರುವ ಸಣ್ಣ ಮೂಳೆ. ಬ್ಯಾಟಿನ ಹಿಡಿಯ ತುದಿ ಅಲ್ಲೇ ಒತ್ತುತ್ತದೆ. ಅದು ಗುಣವಾದರೆ ಹೆಚ್ಚಾಗಿ ಅಲ್ಲಿಗೆ ಮುಗಿಯಿತು. ಮೊಣಕಾಲು ಹಾಗಲ್ಲ ಮಾರಾಯ್ರೆ. ಮೆನಿಸ್ಕಸ್‌ನ ಒಳಅಂಚಿಗೆ ರಕ್ತ ಹೋಗುವುದೇ ಇಲ್ಲ ಅನ್ನಬಹುದು. ಅಲ್ಲಿ ಹರಿದದ್ದು ತಾನಾಗಿ ಕೂಡಿಕೊಳ್ಳುವುದು ಕಷ್ಟ.

ನನಗೆ ಇದು ಓದಿ ಗೊತ್ತಾದದ್ದಲ್ಲ. ಹವ್ಯಾಸಿ ಯಕ್ಷಗಾನ ತಂಡದಲ್ಲಿ ಅಭಿಮನ್ಯು ಮಾಡುತ್ತಿದ್ದೆ. ನಲವತ್ತೊಂದನೇ ವಯಸ್ಸಿನಲ್ಲಿ ಮಂಡಿ ಹಾಕಿ ತಿರುಗುವಾಗ ಬಲಗಾಲಿನಲ್ಲಿ ಟಕ್ ಅಂದಿತು. ಚೆಂಡೆಯ ಗದ್ದಲದಲ್ಲಿ ನನಗೊಬ್ಬನಿಗೇ ಕೇಳಿಸಿದ್ದು. ಒಂದು ಕ್ಲಿನಿಕ್‌ನಲ್ಲಿ ಮೂರು ವಾರ ಸಾಕು ಅಂದರು. ಆರು ತಿಂಗಳಾದರೂ ಚಕ್ಕಳಮಕ್ಕಳ ಹಾಕಿ ಕೂರಲಿಕ್ಕೆ ಆಗಲಿಲ್ಲ. ಈಗ ವೇಷ ಬಿಟ್ಟು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ, ಅದೂ ಕುರ್ಚಿ ಕೊಟ್ಟರೆ ಮಾತ್ರ.

ಹಾಗಾಗಿ ಮುಂದಿನ ಪ್ರಶ್ನೆ: ತಂಡ ಅವನಿಂದ ಯಾವ ಕೆಲಸ ಇಳಿಸಿದೆ? 2025ರಲ್ಲಿ ಟ್ರೌಟ್‌ನನ್ನು ಸೆಂಟರ್ ಫೀಲ್ಡಿನಿಂದ (ಮೈದಾನದ ಹಿಂಬದಿಯ ನಡುಭಾಗ) ಅದರ ಬಲಬದಿಯ ರೈಟ್ ಫೀಲ್ಡಿಗೆ ಕಳಿಸಿದರು, ಓಟ ಕಡಿಮೆಯಾಗಲಿ ಅಂತ. ಆದರೂ ಏಪ್ರಿಲ್ ಕೊನೆಗೆ ಅದೇ ಮೊಣಕಾಲು ಕೈಕೊಟ್ಟಿತು. ವಾಪಸು ಬಂದದ್ದು ಡೆಸಿಗ್ನೇಟೆಡ್ ಹಿಟ್ಟರ್ ಆಗಿ. ಫೀಲ್ಡಿಂಗ್ ಇಲ್ಲ, ಬ್ಯಾಟಿಂಗ್ ಮಾತ್ರ. ಕುಣಿತ ಬಿಟ್ಟು ಅರ್ಥಕ್ಕೆ ಕೂತ ಹಾಗೆ ಅಲ್ವಾ? ಆ ವರ್ಷ 130 ಆಟ ಆಡಿದ. ಸೆಪ್ಟೆಂಬರಿನಲ್ಲಿ 400ನೇ ಹೋಮ್ ರನ್ ಹೊಡೆದ.

ಇಷ್ಟಕ್ಕೇ ಖುಷಿಪಡಬೇಡಿ. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟಾಗುವುದು, ನೋಡಿ. 2025ರಲ್ಲಿ ಹೋಮ್ ರನ್ 26, ಬ್ಯಾಟಿಂಗ್ ಸರಾಸರಿ (ಲೆಕ್ಕಕ್ಕೆ ಬರುವ ಅವಕಾಶಗಳಲ್ಲಿ ಹಿಟ್ ಸಿಕ್ಕಿದ ಪ್ರಮಾಣ) .232. ಮೂರು ಸಲ ಬ್ಯಾಟಿಗೆ ಬಂದರೆ ಹೆಚ್ಚುಕಡಿಮೆ ಒಂದು ಸಲ ಸ್ಟ್ರೈಕ್‌ಔಟ್. ಚೆಂಡು ಸಿಕ್ಕಿದರೆ ಈಗಲೂ ಗ್ಯಾಲರಿಗೇ ಹೋಗುತ್ತದೆ. ಸಿಗುವುದು ಕಡಿಮೆಯಾಗಿದೆ. ನನ್ನ ಪ್ರಕಾರ ಮೊಣಕಾಲಿಗಿಂತ ಇದೇ ಜಾಸ್ತಿ ಚಿಂತೆಯ ವಿಷಯ, ಇದಕ್ಕೆ ಆಪರೇಷನ್ ಇಲ್ಲ.

ತಂಗಿಯ ಮಗ ಸುಮ್ನೆ ಬಿಡುವವನಲ್ಲ. ಪಿಚರ್ (ಚೆಂಡು ಎಸೆಯುವವ) ಜಸ್ಟಿನ್ ವರ್ಲಾಂಡರ್ ವಾಪಸು ಬರಲಿಲ್ವಾ ಅಂತಾನೆ. ಹೌದು, ಬಂದ. 2020ರಲ್ಲಿ ಮೊಣಕೈಯ ಲಿಗಮೆಂಟ್ ಆಪರೇಷನ್, 2021 ಪೂರ್ತಿ ಮನೆ, 2022ರಲ್ಲಿ 39ನೇ ವಯಸ್ಸಿಗೆ 1.75 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಲೆಕ್ಕದಲ್ಲಿ ಬಿಟ್ಟ ರನ್, ಕಡಿಮೆ ಇದ್ದಷ್ಟು ಒಳ್ಳೆಯದು), ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಆದರೆ ಅವನನ್ನು ಮನೆಯಲ್ಲಿ ಕೂರಿಸಿದ್ದು ಮೊಣಕೈ ಒಂದೇ ಜಾಗ. ಆ ಆಪರೇಷನ್ 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಸಲ ಮಾಡಿದ್ದು. ಅವ 1989ರವರೆಗೆ ಆಡಿದ. ಟ್ರೌಟ್‌ನ ಹಾಳೆಯಲ್ಲಿ ನಾಲ್ಕು ಜಾಗ ಇವೆ.

ಸೀಸನ್ ಶುರುವಾದ ಮೊದಲ ತಿಂಗಳು ಎರಡೇ ಸಂಗತಿ ಗಮನಿಸಿ. ಸತತ ನಾಲ್ಕೈದು ದಿನ ಆಡಿಸುತ್ತಾರಾ? ಒಂದನೇ ಬೇಸಿನಿಂದ (ಓಡುವವ ಮುಟ್ಟಬೇಕಾದ ಮೂಲೆ) ಮೂರನೆಯದಕ್ಕೆ ಓಡುವಾಗ, ಎರಡನೆಯದರ ಹತ್ತಿರ ತಿರುಗುವಲ್ಲಿ ನಿಧಾನ ಮಾಡುತ್ತಾನಾ? ಮೊಣಕಾಲು ನೋವಿದ್ದವ ಅಲ್ಲಿ ಸಿಕ್ಕಿಬೀಳುತ್ತಾನೆ. ಮೆಟ್ಟಿಲು ಇಳಿಯುವಾಗ ನಾನು ಸಿಕ್ಕಿಬೀಳುವ ಹಾಗೆ.

ನನ್ನ ಅಂದಾಜು ಕೇಳಿದರೆ, ಇನ್ನೊಂದು ಎಂವಿಪಿ ಇಲ್ಲ. ಫೀಲ್ಡಿಂಗಿಗೆ ನಿಲ್ಲಿಸದಿದ್ದರೆ ವರ್ಷಕ್ಕೆ 25 ಹೋಮ್ ರನ್ ಬರಬಹುದು. ತಂಗಿಯ ಮಗ 40 ಅನ್ನುತ್ತಾನೆ. ಒಂದು ಪ್ಲೇಟ್ ಗೋಳಿಬಜೆಗೆ ಪಂಥ ಕಟ್ಟಿದ್ದೇವೆ.