ಕೈಸಾಲದ ದಾವೆ: ಪೂರ್ತಿ ವಿಚಾರಣೆಯಿಲ್ಲದೆ ಡಿಕ್ರಿ ಪಡೆಯುವ ದಾರಿ

ಅಡಿಕೆ ಮಾರಿದ ಮೇಲೆ ಕೊಡುತ್ತೇನೆಂದು ಕೈಸಾಲ ಒಯ್ದವರು ಕೊಡದಿದ್ದಾಗ ಜನ ಶಿರಸಿಯ ನಮ್ಮ ವಕೀಲಿ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. "ಅಕ್ಕಾ, ದುಡ್ಡು ಕೊಟ್ಟದ್ದು ಇಡೀ ಊರಿಗೇ ಗೊತ್ತು" ಅನ್ನುತ್ತಾರೆ. ನಾನು ಕೇಳುವುದು ಕಾಗದ. ಬರೀ ಊರಿಗೆ ಗೊತ್ತಿದ್ದರೆ ಸಾಕ್ಷಿ, ಪಾಟೀಸವಾಲು ಎಂದು ವರ್ಷಗಳೇ ಹಿಡಿಯುತ್ತವೆ. ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಸಹಿಯಿರುವ ಕಾಗದ, ಅಂದರೆ ಪ್ರೋನೋಟಿದ್ದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ, ಅಂದರೆ ಪೂರ್ತಿ ವಿಚಾರಣೆಯಿಲ್ಲದೆ ಮುಗಿಯಬಹುದಾದ ದಾವೆ ಹಾಕಬಹುದು.

ಪ್ರೋನೋಟನ್ನು ಎರಡೂ ಬದಿ ನೋಡಿ. ರೆವಿನ್ಯೂ ಸ್ಟಾಂಪು ಹಚ್ಚಿ ಅದರ ಮೇಲೆ ಸಹಿ ಹಾಕಿರಬೇಕು. ಸ್ಟಾಂಪಿಲ್ಲದ ಪ್ರೋನೋಟನ್ನು ಆಮೇಲೆ ದಂಡ ಕಟ್ಟಿ ಸರಿಮಾಡಲು ಬರುವುದಿಲ್ಲ. ಕೇಳಿದಾಗ ಕೊಡುವ ನೋಟಾದರೆ ದಾವೆ ಹಾಕಲು ಇರುವ 3 ವರ್ಷದ ಕಾಲಮಿತಿ ಅದನ್ನು ಬರೆದ ತಾರೀಖಿನಿಂದಲೇ ಶುರು, ನೀವು ದುಡ್ಡು ಕೇಳಿದ ದಿನದಿಂದಲ್ಲ. ಆ ಅವಧಿಯೊಳಗೆ ಸಾಲಗಾರ ಅಷ್ಟಿಷ್ಟು ಕೊಟ್ಟರೆ ನೋಟಿನ ಹಿಂಬದಿಯಲ್ಲಿ ಮೊತ್ತ, ತಾರೀಖು ಬರೆಸಿ ಅವರ ಸಹಿ ಪಡೆಯಿರಿ. ಅಲ್ಲಿಂದ ಹೊಸದಾಗಿ 3 ವರ್ಷ. ಆ ಒಂದು ಸಾಲು ಬರೆಸಲು ದಾಕ್ಷಿಣ್ಯಪಟ್ಟು ದುಡ್ಡು ಕಳಕೊಂಡವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ವಾದಪತ್ರದಲ್ಲಿ ದಾವೆಯ ನಂಬರಿನ ಕೆಳಗೆ "37ನೇ ಆದೇಶದಡಿ" ಎಂದು ಬರೆಯಲೇಬೇಕು. ಸಮನ್ಸ್ ಮುಟ್ಟಿದ 10 ದಿನದೊಳಗೆ ಪ್ರತಿವಾದಿ ಹಾಜರಾಗದಿದ್ದರೆ ನಿಮಗೆ ಡಿಕ್ರಿ, ಅಂದರೆ ದುಡ್ಡು ಕೊಡಬೇಕೆಂಬ ಕೋರ್ಟಿನ ತೀರ್ಮಾನ. ಹಾಜರಾದರೆ ನಾವು ಅಫಿಡವಿಟ್ ಹಾಕಿ ತೀರ್ಪಿಗಾಗಿ ಇನ್ನೊಂದು ಸಮನ್ಸ್ ಕೊಡಿಸುತ್ತೇವೆ. ಅದು ಮುಟ್ಟಿದ 10 ದಿನದೊಳಗೆ ಅವರು ಎದುರು ವಾದಿಸಲು ಕೋರ್ಟಿನ ಅನುಮತಿ ಕೇಳಬೇಕು. ತಕರಾರಿನಲ್ಲಿ ಹುರುಳಿದ್ದರೆ ಅನುಮತಿ ಸಿಕ್ಕಿ ದಾವೆ ಮಾಮೂಲಿ ವಿಚಾರಣೆಗೆ ಹೋಗುತ್ತದೆ. ಹಾಗಿರುವುದೇ ಸರಿ, ಖಾಲಿ ಕಾಗದಕ್ಕೆ ಸಹಿ ಹಾಕಿ ಸಿಕ್ಕಿಬಿದ್ದವರೂ ಇದ್ದಾರಲ್ಲ. ಸಾಲದಲ್ಲಿ ಇಷ್ಟು ನಿಜವೆಂದು ಒಪ್ಪಿದ್ದರೆ ಆ ಮೊತ್ತವನ್ನು ಮಾತ್ರ ಮೊದಲು ಕೋರ್ಟಿನಲ್ಲಿ ಇಡಬೇಕು.

ಪ್ರೋನೋಟಿಲ್ಲದ ದಾವೆಯಲ್ಲಿ ಎದುರಿನವರ ಕೈಫಿಯತ್ತನ್ನು, ಅಂದರೆ ಅವರು ಬರೆದುಕೊಟ್ಟ ಉತ್ತರವನ್ನು ಸಾಲುಸಾಲಾಗಿ ಓದಿ. "ಬಾಡಿಗೆ ಬಾಕಿ ಇರುವುದು ನಿಜ" ಎಂದು ಸ್ಪಷ್ಟವಾಗಿ ಒಪ್ಪಿದ್ದರೆ ಅದೇ ಸಂಹಿತೆಯ 12ನೇ ಆದೇಶದ 6ನೇ ನಿಯಮದಡಿ ಅಷ್ಟಕ್ಕೆ ಆಗಲೇ ತೀರ್ಪು ಕೇಳಬಹುದು. ನೀವೇ ಪ್ರತಿವಾದಿಯಾಗಿದ್ದು, ಕಾಲಮಿತಿ ಮೀರಿದ್ದು ವಾದಪತ್ರದಲ್ಲೇ ಕಾಣುತ್ತಿದ್ದರೆ 7ನೇ ಆದೇಶದ 11ನೇ ನಿಯಮದಡಿ ಅದನ್ನು ತಳ್ಳಿಹಾಕಲು ಅರ್ಜಿ ಕೊಡಿ.

ನೆಂಟರಿಷ್ಟರ ವ್ಯಾಜ್ಯವಾದರೆ ಲೋಕ ಅದಾಲತ್ತು ಲೇಸು. ರಾಜಿಯಾದರೆ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಆ ರಾಜಿಯ ಮೇಲೆ ಅಪೀಲಿಲ್ಲ. ಅಪೀಲಿಲ್ಲದ್ದರಿಂದಲೇ ಸಹಿಗೆ ಮುಂಚೆ ಕಂತಿನ ತಾರೀಖುಗಳನ್ನು ಓದಿಸಿ ಕೇಳಿ. ಒಂದು ಕಂತು ತಪ್ಪಿದರೂ ಉಳಿದದ್ದನ್ನೆಲ್ಲ ಒಟ್ಟಿಗೇ ಕೊಡಬೇಕೆಂಬ ಮಾತು ರಾಜಿಪತ್ರದಲ್ಲಿ ಇದೆಯೋ ನೋಡಿ, ಇಲ್ಲದಿದ್ದರೆ ಅಲ್ಲೇ ಸೇರಿಸಿ.