ನೆರೆ ಬಂದ ಊರಿಗೆ ರೊಟ್ಟಿ ಕಳಿಸುವವರಿಗೆ: ಏನು ಕಟ್ಟಬೇಕು, ಹೇಗೆ ಕಟ್ಟಬೇಕು

ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿಡಿ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಓಣಿಯ ಹದಿನಾಲ್ಕು ಹೆಣ್ಣುಮಕ್ಕಳು ಎರಡು ರಾತ್ರಿ ಕೂತು ಮೂರು ಸಾವಿರ ಜೋಳದ ರೊಟ್ಟಿ ಬಡಿದೆವು. ಅವಸರ ಏನು ಅಂದರೆ, ಹಂಚಿನಿಂದ ತೆಗೆದದ್ದೇ ಚೀಲಕ್ಕೆ. ಲಾರಿ ಕುಶಾಲನಗರ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ರೊಟ್ಟಿಗೆ ಬೂಷ್ಟು. ಡ್ರೈವರ್ ಫೋನ್ ಮಾಡಿ "ಅಕ್ಕಾರ, ವಾಸನಿ ಬರಾಕತ್ತೈತ್ರಿ" ಅಂದಾಗ ನೆಲ ಬಿರಿದು ನಾನು ಒಳಗೆ ಹೋಗಬಾರದೇ ಅನ್ನಿಸಿತ್ತು.

ನಾನು ಮುಧೋಳದ ಹತ್ತಿರ, ಘಟಪ್ರಭಾ ದಂಡೆಯ ಊರಿನವಳು. ಮನೆಯಲ್ಲೇ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಮರುವರ್ಷ, 2019ರ ಆಗಸ್ಟ್‌ನಲ್ಲಿ, ನಮ್ಮ ಹೊಳೆಯೇ ಮನೆಯೊಳಗೆ ಬಂತು. ಹನ್ನೊಂದು ದಿನ ಗಂಜಿ ಕೇಂದ್ರದಲ್ಲಿದ್ದೆ. ಈಗ ಅದನ್ನು ಕಾಳಜಿ ಕೇಂದ್ರ ಅನ್ನುತ್ತಾರೆ. ಹಾಗಾಗಿ ಲಾರಿ ತುಂಬುವುದೂ ಗೊತ್ತು, ಲಾರಿಯ ಮುಂದೆ ಪಾಳಿ ಹಚ್ಚುವುದೂ ಗೊತ್ತು.

ಮೊದಲು, ಆಗಿರುವುದು ಎಂಥ ನೆರೆ ಅಂತ ತಿಳಿದುಕೊಳ್ಳಿ. ನಮ್ಮ ಕಡೆ ಹೊಳೆ ಬರಲು ನಮ್ಮಲ್ಲಿ ಮಳೆ ಬೀಳಬೇಕಂತಿಲ್ಲ. ಮಹಾಬಳೇಶ್ವರ, ಕೊಯ್ನಾ ಕಡೆ ಸುರಿದದ್ದು ಕೃಷ್ಣೆಗೆ ಬರುತ್ತದೆ. ಹಿಡಕಲ್ ಡ್ಯಾಂ ತುಂಬಿದರೆ ಘಟಪ್ರಭಾ ಏರುತ್ತದೆ, ನವಿಲುತೀರ್ಥ ತುಂಬಿದರೆ ಮಲಪ್ರಭಾ. ನೀರು ಬಿಡುವ ಮುಂಚೆ ಡಂಗುರ ಸಾರುತ್ತಾರೆ. ರೇಷನ್ ಕಾರ್ಡು, ಬಂಗಾರ, ಎಮ್ಮೆ ಹಿಡಿದುಕೊಂಡು ಹೊರಡಲು ಒಂದೆರಡು ತಾಸು ಸಿಗುತ್ತದೆ. ನೀರು ಇಳಿದ ಮೇಲೆ ಗೋಡೆ ಬಿದ್ದಿದ್ದರೂ ಜಾಗ ಅಲ್ಲೇ ಇರುತ್ತದೆ.

ಗುಡ್ಡದ ಸೀಮೆಯಲ್ಲಿ ಹಾಗಲ್ಲ. ದಿನಗಟ್ಟಲೆ ನೀರು ಕುಡಿದ ಮಣ್ಣು ಒಮ್ಮೆಲೇ ಜಾರುತ್ತದೆ. 2024ರ ಜುಲೈ 30ರಂದು ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಬಂದದ್ದು ಜನ ಮಲಗಿದ್ದಾಗ, ಬೆಳಗಾಗುವ ಮೊದಲೇ. ಸೇತುವೆಯೂ ಹೋಗಿತ್ತು, ಸೇನೆಯವರು ಕಬ್ಬಿಣದ ಬೈಲಿ ಸೇತುವೆ ಕಟ್ಟಬೇಕಾಯಿತು. ಕೊಡಗಿನಲ್ಲೂ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿತ್ತು. ನಮ್ಮ ಲಾರಿ ಕುಶಾಲನಗರದಲ್ಲೇ ನಿಂತಿತು. ಅಲ್ಲಿಂದ ಮೇಲಕ್ಕೆ ಜೀಪು, ಆಮೇಲೆ ಹೆಗಲು. ನಾವು ಕಳಿಸಿದ್ದ ಐವತ್ತು ಕೆಜಿ ಅಕ್ಕಿ ಮೂಟೆಯನ್ನು ಕೆಸರಲ್ಲಿ ಯಾರು ಹೊರಬೇಕು? ಗುಡ್ಡಕ್ಕೆ ಕಳಿಸುವುದಾದರೆ ಒಂದು ಗಂಟು ಹತ್ತು ಕೆಜಿ ದಾಟಬಾರದು. ಹೆಂಗಸೊಬ್ಬಳು ತಲೆ ಮೇಲೆ ಇಟ್ಟುಕೊಂಡು ನಡೆಯುವಂತಿರಬೇಕು.

ಈಗ ರೊಟ್ಟಿ. ನೆರೆಗೆ ಕಳಿಸುವುದು ಖಡಕ್ ರೊಟ್ಟಿಯೇ ಆಗಬೇಕು, ಮೆತ್ತನೆಯದು ಬೇಡ. ಕುದಿಯುವ ನೀರು ಹಾಕಿ ಹಿಟ್ಟು ನಾದಿ, ದಿನದ ರೊಟ್ಟಿಗಿಂತ ತೆಳುವಾಗಿ ಬಡಿಯಿರಿ. ಎರಡೂ ಕಡೆ ಬೇಯಿಸಿದ ಮೇಲೆ ಒಲೆಯ ಪಕ್ಕ ಕೆಂಡದ ಕಾವಿಗೆ ಒರಗಿಸಿ ನಿಲ್ಲಿಸಿ. ಗ್ಯಾಸ್ ಇದ್ದವರು ಸಣ್ಣ ಉರಿಯಲ್ಲಿ ಹಂಚಿನ ಮೇಲೇ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿ. ಆಮೇಲೆ ಒಂದು ರಾತ್ರಿ ಪೂರ್ತಿ ಫ್ಯಾನಿನ ಕೆಳಗೆ ಹರವಿ. ಮಳೆಗಾಲದ ಗಾಳಿಯಲ್ಲೇ ತೇವ ಇರುತ್ತದೆ, ಈ ಒಂದು ರಾತ್ರಿ ಬಿಟ್ಟರೆ ಕೆಟ್ಟಿತು. ಬೆಳಿಗ್ಗೆ ಮುರಿದು ನೋಡಿ. ಹಪ್ಪಳದ ಹಾಗೆ ಚಟ್ ಅನ್ನಬೇಕು. ಬಾಗಿದರೆ ಇನ್ನೂ ಒಣಗಬೇಕು ಅಂತ ಅರ್ಥ.

ಇಪ್ಪತ್ತೈದರ ಥಪ್ಪಿ ಮಾಡಿ ಅಚ್ಚಿಲ್ಲದ ಬಿಳಿ ಕಾಗದದಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ. ಗೋಣಿಚೀಲದಲ್ಲಿ ಹಾಕಿದರೆ ಮುಟ್ಟುವುದು ರೊಟ್ಟಿಯಲ್ಲ, ರೊಟ್ಟಿಯ ಪುಡಿ. ಡಬ್ಬಿ ತುಂಬಿ, ಬಾಯಿ ಮುಚ್ಚಿದ ಮೇಲೆ ಹೊರಗಿನಿಂದ ಮಾತ್ರ ಪ್ಲಾಸ್ಟಿಕ್ ಹೊದಿಸಿ. ಹೀಗೆ ಕಟ್ಟಿದ ರೊಟ್ಟಿ ಒಂದು ತಿಂಗಳು ಆರಾಮ ಇರುತ್ತದೆ.

ಇನ್ನೊಂದು ಮಾತು. ಅನ್ನ ಉಣ್ಣುವ ಸೀಮೆಗೆ ಕಳಿಸುವಾಗ ಡಬ್ಬಿಯೊಳಗೆ ಒಂದು ಚೀಟಿ ಇಡಿ. 2018ರ ಆ ಲಾರಿ ಹೋದ ಎರಡು ದಿನಕ್ಕೆ ಚೀಲದ ಮೇಲಿನ ನಂಬರಿಗೆ ಕೊಡಗಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಕ್ಕ, ಇದನ್ನ ಹೇಗೆ ತಿನ್ನೋದು? ತುಂಬಾ ಗಟ್ಟಿ ಇದೆ" ಅಂದ. ನಗು ಬಂತು, ಸಂಕಟವೂ ಆಯಿತು. ನಮಗೆ ಹುಟ್ಟಿದಾಗಿನಿಂದ ಗೊತ್ತಿರುವುದು ಅವರಿಗೆ ಗೊತ್ತಿರಬೇಕು ಅಂತೇನಿಲ್ಲ ಅಲ್ವಾ? "ಮುರಿದು ಬಿಸಿ ಸಾರಿನಲ್ಲಿ ನೆನೆಸಿ, ಸಾರು ಇಲ್ಲದಿದ್ದರೆ ನೀರು ಚಿಮುಕಿಸಿ ಐದು ನಿಮಿಷ ಬಿಡಿ, ಮಕ್ಕಳಿಗೆ ಹಾಲು ಬೆಲ್ಲದಲ್ಲಿ ಕೊಡಿ." ಚೀಟಿಯಲ್ಲಿ ಇಷ್ಟು ಬರೆದರೆ ಸಾಕು. ಜೊತೆಗೆ ಶೇಂಗಾ ಚಟ್ನಿ ಇಡಿ, ಖಾರ ಅರ್ಧ ಮಾಡಿ. ಹಸಿ ಉಳ್ಳಾಗಡ್ಡಿ, ಹಸಿ ಕೊಬ್ಬರಿ ಹಾಕಿದ ಚಟ್ನಿ ಬೇಡವೇ ಬೇಡ. ಮಹಾಲಿಂಗಪುರದ ಬೆಲ್ಲ ಕಳಿಸಬಹುದು, ಆದರೆ ಪೆಂಟಿ ಒಡೆದು ಸಣ್ಣ ಪೊಟ್ಟಣ ಮಾಡಿ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸಿಟ್ಟು ಜಾಸ್ತಿ. ನಮ್ಮ ಕೇಂದ್ರಕ್ಕೆ ಒಂದು ಟೆಂಪೊ ತುಂಬ ಹಳೇ ಬಟ್ಟೆ ಬಂತು. ಗುಂಡಿ ಇಲ್ಲದ ಅಂಗಿ, ಒಂದೇ ಕಾಲಿನ ಸಾಕ್ಸು, ಜರಿ ಕಿತ್ತ ಮದುವೆ ಕುಪ್ಪಸ. ಮಳೆಗೆ ನೆನೆದು ಮೂರನೇ ದಿನ ಅದೇ ಕಸದ ಗುಡ್ಡೆಯಾಯಿತು. ಅಷ್ಟು ಹೆಂಗಸರಿದ್ದೆವು, ಬದಲಿಸಲು ಒಳಉಡುಪು ಇರಲಿಲ್ಲ. ಮುಟ್ಟಿನ ಬಟ್ಟೆ ಕೇಳಲು ನಾಚಿಕೆ. ಹಂಚುತ್ತಿದ್ದವರೆಲ್ಲ ಗಂಡು ಹುಡುಗರು. ಅದಕ್ಕೇ ಹೇಳುತ್ತೇನೆ, ಹೊಸದು ಕೊಡಲು ಆಗದಿದ್ದರೆ ಬಟ್ಟೆ ಕೊಡಬೇಡಿ. ಆ ದುಡ್ಡಲ್ಲಿ ಪ್ಯಾಡು, ಲಂಗ, ಚಡ್ಡಿ, ಮಕ್ಕಳ ಡೈಪರ್ ತನ್ನಿ. ಕೌದಿ ಕೊಡಬಹುದು, ಆದರೆ ಒಗೆದು ಒಣಗಿಸಿದ್ದಿರಲಿ. ಹಂಚಲು ಇಬ್ಬರಾದರೂ ಹೆಣ್ಣುಮಕ್ಕಳು ಲಾರಿಯ ಜೊತೆ ಹೋಗಲಿ.

ಯಾರೂ ಕಳಿಸದ, ಆದರೆ ಎಲ್ಲರೂ ಹುಡುಕುವ ಸಾಮಾನು ಇನ್ನೂ ಇವೆ. ತಾಡಪತ್ರಿ ಮತ್ತು ಅದನ್ನು ಕಟ್ಟಲು ಹಗ್ಗ. ಮುಚ್ಚಳ ಇರುವ ಕೊಡ. ಬ್ಯಾಟರಿ (ಟಾರ್ಚು), ಸೊಳ್ಳೆಬತ್ತಿ, ಓಆರ್‌ಎಸ್, ನೀರಿಗೆ ಹಾಕುವ ಕ್ಲೋರಿನ್ ಗುಳಿಗೆ. ಬಾಟಲಿ ನೀರು ಎರಡು ದಿನಕ್ಕೆ ಮುಗಿಯುತ್ತದೆ, ಗುಳಿಗೆ ಕಿಸೆಯಲ್ಲಿ ಹಿಡಿಸುತ್ತದೆ. ನಮ್ಮ ಕಡೆಯ ನೆರೆಯಾದರೆ ಸಲಿಕೆ, ಪುಟ್ಟಿ, ಕಸಬರಿಗೆ, ಬ್ಲೀಚಿಂಗ್ ಪೌಡರ್ ಸೇರಿಸಿ. ನೀರು ಇಳಿದ ದಿನ ನನ್ನ ಅಡುಗೆಮನೆಯಲ್ಲಿ ಮೊಣಕಾಲುದ್ದ ರಾಡಿ ಇತ್ತು, ಓಣಿಗೆಲ್ಲ ಇದ್ದದ್ದು ಒಂದೇ ಸಲಿಕೆ.

ದನಕ್ಕೆ ಮೇವು ಮರೆಯಬೇಡಿ. ಎಮ್ಮೆ ಉಪವಾಸ ಇದ್ದರೆ ಯಜಮಾನ ಗಂಜಿ ಕೇಂದ್ರಕ್ಕೆ ಬರುವುದೇ ಇಲ್ಲ, ನೀರಿನ ಪಕ್ಕದಲ್ಲೇ ಕೂರುತ್ತಾನೆ. ಒಣ ಕಣಿಕೆ ಒಂದು ಟ್ರ್ಯಾಕ್ಟರ್ ಕಳಿಸಿದರೆ ನಾಲ್ಕು ಜನರ ಜೀವ ಉಳಿಸಿದ ಹಾಗೆ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಒಳಗೇನಿದೆ, ಎಷ್ಟಿದೆ, ಮಾಡಿದ ದಿನ ಯಾವುದು ಅಂತ ಬರೆಯಿರಿ. ಒಂದು ಡಬ್ಬಿಯಲ್ಲಿ ಒಂದೇ ಸಾಮಾನು. ಹೊರಡುವ ಮುಂಚೆ ಅಲ್ಲಿಯ ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ, ಯಾವ ಕೇಂದ್ರಕ್ಕೆ ಏನು ಬೇಕು ಕೇಳಿ. ರಸ್ತೆ ಬದಿಯ ಊರಿಗೇ ಎಲ್ಲ ಲಾರಿಗಳೂ ನಿಲ್ಲುತ್ತವೆ, ಒಳಗಿನ ತೋಟದ ವಸ್ತಿಗೆ ಬ್ರೆಡ್ಡೂ ಮುಟ್ಟುವುದಿಲ್ಲ. ದುಡ್ಡು ಕೊಡುವವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಾಕಿ, ರಸೀದಿ ಇಟ್ಟುಕೊಳ್ಳಿ.

ಎಲ್ಲವನ್ನೂ ಮೊದಲ ವಾರವೇ ಕಳಿಸಬೇಡಿ. ನಮ್ಮಲ್ಲಿ ಐದನೇ ದಿನ ಬಿಸ್ಕಿಟ್ ತಿನ್ನುವವರಿರಲಿಲ್ಲ, ನಲವತ್ತನೇ ದಿನ ಕೇಳುವವರಿರಲಿಲ್ಲ. ಸರ್ಕಾರದ ಹತ್ತು ಸಾವಿರ ರೂಪಾಯಿ ಬಂತು, ಪಾತ್ರೆಗೂ ಪಾಟಿಚೀಲಕ್ಕೂ ಮುಗಿಯಿತು. ಆಗ ಜಮಖಂಡಿ ಕಡೆಯ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಟಂಟಂ ಆಟೊದಲ್ಲಿ ಬಂದು ನನಗೊಂದು ಹಂಚು, ಹಿಟ್ಟು ನಾದುವ ಕೊಣಮಿಗೆ, ಐದು ಕೆಜಿ ಬಿಳಿಜೋಳದ ಹಿಟ್ಟು ಕೊಟ್ಟು ಹೋದಳು. ಮರುದಿನದಿಂದ ನಾನು ಮತ್ತೆ ರೊಟ್ಟಿ ಮಾರಿದೆ. ನಿಮ್ಮ ಲಾರಿಯ ಖರ್ಚಿನಲ್ಲಿ ಮೂರನೇ ಒಂದು ಪಾಲು ತೆಗೆದಿಟ್ಟು ದಸರೆ ಹೊತ್ತಿಗೆ ಎರಡನೇ ಸಲ ಹೋಗಿ. ಹೋಗುವ ಮೊದಲು ಅವರು ಏನು ಕೆಲಸ ಮಾಡಿ ಉಣ್ಣುತ್ತಿದ್ದರು ಅಂತ ಕೇಳಿಕೊಂಡು, ಅದಕ್ಕೆ ಬೇಕಾದ ಸಾಮಾನು ಒಯ್ಯಿರಿ.