ಹಿತ್ತಿಲ ಬೇಲಿಯ ಕಿಂಡಿಯಲ್ಲಿ ಮೂರು ವರ್ಷ

ಕಾಡುಪ್ರಾಣಿಗಳನ್ನು ನೋಡಬೇಕಾದರೆ ಕಾಡಿಗೇ ಹೋಗಬೇಕು, ಮನೆಯ ಹಿಂದೆ ಹೆಗ್ಗಣ ಬಿಟ್ಟರೆ ಬೇರೇನೂ ಸಿಗದು ಎಂದು ಜೊತೆಯ ವೀಕ್ಷಕರು ಹೇಳುತ್ತಲೇ ಇದ್ದರೂ, ಹಿತ್ತಿಲ ಬೇಲಿಯಲ್ಲಿರುವ ಒಂದೂವರೆ ಗೇಣಗಲದ ಕಿಂಡಿಯನ್ನು ನಾನು ಬಿಡಲಿಲ್ಲ. ಮೂರು ವರ್ಷಗಳಲ್ಲಿ ಆ ಒಂದೇ ಜಾಗದಿಂದ ಮುಂಗುಸಿ, ಕಬ್ಬೆಕ್ಕು, ಪುನುಗು ಬೆಕ್ಕು, ಮುಳ್ಳುಹಂದಿ ಮತ್ತು ಉಡ ನನ್ನ ದಾಖಲೆಗೆ ಬಂದಿವೆ.

ಮೊದಲ ವರ್ಷ ಪೂರ್ತಿ ದಂಡವಾಯಿತು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಕ್ಯಾಮೆರಾ ಟ್ರ್ಯಾಪಿನ (ಎದುರು ಹಾಯುವ ಪ್ರಾಣಿಯ ಮೈಬಿಸಿಯನ್ನು ಸಂವೇದಕದಿಂದ ಗುರುತಿಸಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ) ರಬ್ಬರ್ ಅಂಚು ಮಳೆಗಾಲದ ಆರಂಭದಲ್ಲೇ ಸಡಿಲಗೊಂಡು ಒಳಗೆ ನೀರಿಳಿಯಿತು. ಎರಡನೆಯದನ್ನು ಎದೆಯೆತ್ತರದಲ್ಲಿ ಪೂರ್ವಕ್ಕೆ ಮುಖಮಾಡಿ ಕಟ್ಟಿದ್ದರಿಂದ, ಬೆಳಗಿನ ಬಿಸಿಲಿನಲ್ಲಿ ಓಲಾಡುವ ಹುಲ್ಲಿನ ಸುಮಾರು 2,000 ಚಿತ್ರಗಳು ಕಾರ್ಡಿನಲ್ಲಿ ತುಂಬಿಕೊಂಡವು. ಪ್ರಾಣಿಯ ಬೆನ್ನು ಕಂಡದ್ದು ಒಂದೆರಡರಲ್ಲಿ. ಎರಡಕ್ಕೂ ಸೇರಿ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಯಿತು. ಬಳಸಿ ಎಸೆಯುವ ಸೆಲ್ಲುಗಳಿಗೆ ಸುರಿದ ಹಣದಲ್ಲಿ ಮೂರನೆಯ ಕ್ಯಾಮೆರಾವೇ ಬರುತ್ತಿತ್ತು. ಮರುಚಾರ್ಜ್ ಸೆಲ್ಲುಗಳಿಗೆ ಬದಲಾದ ಮೇಲೆ ಖರ್ಚು ಹತೋಟಿಗೆ ಬಂತು, ಆದರೆ ಅವು 1.5 ವೋಲ್ಟ್ ಬದಲು 1.2 ವೋಲ್ಟ್ ಮಾತ್ರ ಕೊಡುವುದರಿಂದ ಕೊಳ್ಳುವ ಮುನ್ನ ಕ್ಯಾಮೆರಾ ಅದಕ್ಕೆ ಒಗ್ಗುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಕೆಲಸ ಕೈಗೂಡಿದ್ದು ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗಿಳಿಸಿ, ಉತ್ತರಕ್ಕೆ ತಿರುಗಿಸಿ, ಜಾಡಿಗೆ ಓರೆಯಾಗಿ ಕಟ್ಟಿದಾಗ. ರಾತ್ರಿ ಚಿತ್ರಕ್ಕೆ ಕ್ಯಾಮೆರಾ ಬೆಳಗುವ 850 ನ್ಯಾನೊಮೀಟರ್ ಅವಕೆಂಪು ದೀಪದ ಮಂದ ಕೆಂಪನ್ನು ಕಂಡು ಪುನುಗು ಬೆಕ್ಕು ಎರಡು ಬಾರಿ ಹಿಂದಿರುಗಿತ್ತು. ಹೊಳಪೇ ಕಾಣದ 940 ನ್ಯಾನೊಮೀಟರಿನ ದೀಪವಿಟ್ಟ ಮೇಲೆ ಅದು ತಲೆ ಎತ್ತಲೂ ಇಲ್ಲ. ಬೆಳಕಿನ ದೂರ ಕಡಿಮೆಯಾಗುತ್ತದೆ ನಿಜ, ಆದರೆ ಕಿಂಡಿಗೆ ನಾಲ್ಕಡಿ ಸಾಕು. ಅಲ್ಲಿ ಪ್ರಾಣಿ ಎರಡು ಕ್ಷಣ ನಿಲ್ಲುವಂತೆ ನಾನು ಮಾಡಿರುವ ಏರ್ಪಾಡನ್ನು ಮಾತ್ರ ಬರೆಯುವುದಿಲ್ಲ. ಅದು ಆಹಾರವೂ ಅಲ್ಲ, ವಾಸನೆಯೂ ಅಲ್ಲ ಎಂದಷ್ಟೇ ಹೇಳಬಲ್ಲೆ. ಆಹಾರವಿಟ್ಟು ಕರೆಯುವುದನ್ನು ನಾನು ಒಪ್ಪುವುದೂ ಇಲ್ಲ.

ಋತುವಿಗೆ ತಕ್ಕಂತೆ ಕಣ್ಣನ್ನೂ ಬದಲಿಸಬೇಕು. ಚಳಿಗಾಲದಲ್ಲಿ ನೆಲ ತಣ್ಣಗಿದ್ದು ಮೈಬಿಸಿ ಎದ್ದು ಕಾಣುವುದರಿಂದ ಸಂವೇದಕ ಬಹಳ ಚುರುಕಾಗಿರುತ್ತದೆ. ಕಡುಬೇಸಿಗೆಯ ಮಧ್ಯಾಹ್ನ ನೆಲವೂ ಮುಂಗುಸಿಯ ಮೈಯೂ ಒಂದೇ ಬಿಸಿಯಾಗಿ, ಎದುರಿಗೇ ಹಾದುಹೋದರೂ ಕ್ಯಾಮೆರಾ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ನಾನು ಕೆಸರನ್ನೇ ಹೆಚ್ಚು ನಂಬುತ್ತೇನೆ. ಮುಳ್ಳುಹಂದಿ ಹಾದುಹೋದ ಬೆಳಿಗ್ಗೆ ಅಗಲ ಪಾದದ ಗುರುತುಗಳ ನಡುವೆ, ಕಡ್ಡಿಪೊರಕೆ ಎಳೆದಂತೆ, ಮುಳ್ಳುಗಳು ಗೀಚಿದ ಸಣ್ಣ ಗೆರೆಗಳಿರುತ್ತವೆ. ಬೇಲಿಕಲ್ಲಿನ ಮೇಲೆ ಕಬ್ಬೆಕ್ಕು ಬಿಟ್ಟ ಹಿಕ್ಕೆಯಲ್ಲಿ ಜೀರ್ಣವಾಗದ ಬೀಜಗಳು ತೊಳೆದಿಟ್ಟಷ್ಟು ನಯವಾಗಿರುತ್ತವೆ. ಅವುಗಳಲ್ಲಿ ಇಪ್ಪತ್ತನ್ನು ಕುಂಡದಲ್ಲಿ ಹಾಕಿ ನೋಡಿದೆ, ಏಳೋ ಎಂಟೋ ಮೊಳೆತವು.

ಉಡ ಬಹಳ ಸತಾಯಿಸಿತು. ಶೀತರಕ್ತದ ಪ್ರಾಣಿಯಾದ್ದರಿಂದ ಸಂವೇದಕಕ್ಕೆ ಅದು ಬಹುಮಟ್ಟಿಗೆ ಇಲ್ಲದಂತೆಯೇ. ಕೊನೆಗೆ ಬೆಳಗಿನ ಎಂಟರಿಂದ ಹನ್ನೊಂದರವರೆಗೆ ನಿಮಿಷಕ್ಕೊಂದು ಚಿತ್ರ ತಾನಾಗಿಯೇ ತೆಗೆಯುವಂತೆ ಹೊಂದಿಸಿದೆ. ಒಂಬತ್ತನೆಯ ದಿನ, ಬಿಸಿಲು ಬಿದ್ದ ಕಲ್ಲಿನ ಮೇಲೆ ಮಲಗಿದ್ದ ಉಡ ಸತತ ಇಪ್ಪತ್ತಾರು ಚಿತ್ರಗಳಲ್ಲಿ ಸಿಕ್ಕಿತು.

ಹೆಗ್ಗಣದ ಮಾತಾಡಿದ್ದವರಲ್ಲೊಬ್ಬರು ಆ ಚಿತ್ರಗಳನ್ನು ನೋಡಿ, ಕಳೆದ ತಿಂಗಳು ತಮ್ಮ ಬೇಲಿಯನ್ನೂ ಒಮ್ಮೆ ನೋಡಿಕೊಡಿ ಎಂದು ಕರೆದರು. ಹೋಗಿ ಮೂರು ಕಿಂಡಿಗಳನ್ನು ಗುರುತಿಸಿ ಬಂದಿದ್ದೇನೆ.